ದೀಪ ದೊಡ್ಡದು ಮಾಡಿದ ಮೇಷ್ಟರು

ಸಭೆಗೆ ನಮಸ್ಕಾರ.

ಮುಂದಿನ ಸಾಲಿನಲ್ಲಿರುವ ಮೇಷ್ಟರ ಪತ್ನಿ ಶ್ರೀಮತಿ ಕಸ್ತೂರಮ್ಮನವರಿಗೆ, ಅವರ ಮೈದುನ ಬಕ್ಕೇಶ್ ಅವರಿಗೆ, ಬಕ್ಕೇಶ್ ಅವರ ಮಗಳು ರಶ್ಮಿತಾಳಿಗೆ, ಹರಿಹರದಿಂದ ಬಸ್ಸು ಹಿಡಿದು ಬಂದಿರುವ ನನ್ನ ಹಳೆಯ ಸಹೋದ್ಯೋಗಿಗಳಿಗೆ, ಕೊನೆಗೆ, ಲಿಂಗೈಕ್ಯ ಕೆಂಚವೀರಪ್ಪ ಮೇಷ್ಟರ ವಿದ್ಯಾರ್ಥಿಗಳಿಗೆ — ನಿಮ್ಮಲ್ಲಿ ಕೆಲವರ ತಲೆ ನರೆತಿದೆ. ಆದರೂ ಬಂದು ಕುಳಿತದ್ದು ಕೊನೆಯ ಸಾಲಿನಲ್ಲೇ. ಮುಂದೆ ಜಾಗವಿದೆ. ಬನ್ನಿ. ಹಾಂ, ಬನ್ನಿ ಬನ್ನಿ. ಇಂದು ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾನು ಯಶೋದಾ. ಹರಿಹರದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಪಕ್ಕದ ಕೊಠಡಿಯಲ್ಲಿ ಕೆಂಚವೀರಪ್ಪನವರು ವಿಜ್ಞಾನ ಕಲಿಸುತ್ತಿದ್ದರು. ನಡುವೆ ಇದ್ದದ್ದು ಅರ್ಧ ಇಟ್ಟಿಗೆಯ ಗೋಡೆ. ನಾನು ಈ ಕಡೆ ಸಮಾಸ ಬಿಡಿಸುತ್ತಿದ್ದರೆ ಆ ಕಡೆಯಿಂದ ಓಮನ ನಿಯಮ ಕೇಳಿಸುತ್ತಿತ್ತು. ಹೀಗಾಗಿ ನನಗೆ ಸ್ವಲ್ಪ ವಿದ್ಯುತ್ತು ಗೊತ್ತು. ಅವರಿಗೆ ಸ್ವಲ್ಪ ವ್ಯಾಕರಣ ಗೊತ್ತಿತ್ತು. ಗೊತ್ತಿದ್ದರೂ ಪಾಲಿಸುತ್ತಿರಲಿಲ್ಲ — ಅದು ಬೇರೆ ಮಾತು.

ನನ್ನ ಹಿಂದೆ ಕಟ್ಟಿರುವ ಈ ಬಟ್ಟೆಯ ಮೇಲೆ 'ಶ್ರದ್ದಾಂಜಲಿ' ಎಂದು ಬರೆದಿದೆ. ದಕಾರಕ್ಕೆ ಧಕಾರದ ಒತ್ತು ಬರಬೇಕು, ಬಂದಿಲ್ಲ. ಬರೆದವರು ಮೇಷ್ಟರ ಶಿಷ್ಯರೇ ಇರಬೇಕು. ನಾನು ಶಾಲೆಯ ಕಪ್ಪುಹಲಗೆಯಲ್ಲಿ ಇಂಥದ್ದನ್ನು ತಿದ್ದುವಾಗಲೆಲ್ಲ ಅವರು ಬಾಗಿಲಲ್ಲಿ ನಿಂತು, "ಯಶೋದಮ್ಮೋರೆ, ಒಂದು ಮಹಾಪ್ರಾಣ ಬಿಟ್ರೆ ಯಾರ ಪ್ರಾಣ ಹೋಗ್ತೈತ್ರೀ?" ಎನ್ನುತ್ತಿದ್ದರು. ಇಂದು ಅದಕ್ಕೆ ಉತ್ತರ ಕೊಡುವ ಮನಸ್ಸಿಲ್ಲ. ತಪ್ಪು ಹಾಗೇ ಇರಲಿ. ಅವರಿಗೆ ಇಷ್ಟವಾಗುತ್ತಿತ್ತು.

ಈಗ ಮುಖ್ಯ ಮಾತು. ಅದನ್ನು ಮರೆಮಾಚದೆ ಹೇಳುತ್ತೇನೆ. ಏಕೆಂದರೆ ಹೇಳಬೇಕೆಂದು ಕೇಳಿಕೊಂಡವರು ಇಲ್ಲೇ ಕುಳಿತಿದ್ದಾರೆ.

ನಿನ್ನೆ ಬಕ್ಕೇಶ್ ಅವರು ನಮ್ಮ ಮನೆಗೆ ಬಂದಿದ್ದರು. ಚೌಕಿಪೇಟೆಯಲ್ಲಿ ಅವರ ಬಟ್ಟೆ ಅಂಗಡಿಯನ್ನು ಕಾಣದವರು ಈ ಸಭೆಯಲ್ಲಿ ಯಾರೂ ಇರಲಾರರು. ಕಾಫಿ ಮುಟ್ಟಲಿಲ್ಲ. "ಮೇಡಂ, ಅಣ್ಣ ಹೋದ. ಇನ್ನು ಆ ದೀಪ ಕೆಟ್ರೆ ನೋಡೋರು ಯಾರು? ನಮ್ಮ ಹುಡುಗಿ ಹಾರೋದು ಸಾಕು ಅನ್ಸೈತೆ. ನಾ ಹೇಳಿದ್ರೆ ಜಗಳ ಆಗ್ತೈತೆ. ನೀವು ಸಭೆಯಾಗೆ ನಾಕು ಬುದ್ಧಿಮಾತು ಹೇಳಿಬಿಡ್ರಿ. ನಿಮ್ಮ ಮಾತು ಕೇಳ್ತಾಳೆ" ಎಂದರು.

ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಏನು ಹೇಳುತ್ತೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಶ್ಮಿತಾ, ನನ್ನನ್ನು ಹೀಗೆ ದುರುಗುಟ್ಟಿ ನೋಡಬೇಡ. ಪೂರ್ತಿ ಕೇಳು.

ಕೇಳುವ ಎಲ್ಲರಿಗೂ ವಿಷಯ ತಿಳಿಯಬೇಕಲ್ಲ — ಹುಡುಗಿ ಹಾರುವುದೆಂದರೇನು, ದೀಪವೆಂದರೇನು? ಲೋಕಿಕೆರೆಯ ಕಡೆಯ ಬಯಲಿನಲ್ಲಿ ಒಂದು ಹಾರಾಟದ ಕ್ಲಬ್ಬು ಇದೆ. ಒಂದು ತಗಡಿನ ಕೊಟ್ಟಿಗೆ, ಹದಮಾಡಿದ ಓಡುದಾರಿ, ಬಟ್ಟೆಯ ರೆಕ್ಕೆಯ ಎರಡು ಪುಟ್ಟ ವಿಮಾನಗಳು. ಒಂದೊಂದರಲ್ಲೂ ಇಬ್ಬರು ಮಾತ್ರ ಕೂರಬಹುದು. ನಮ್ಮ ರಶ್ಮಿತಾ ಪದವಿ ಮುಗಿಸಿ, ಅಲ್ಲಿಗೆ ಸೇರಿ, ಹಾರುವುದನ್ನು ಕಲಿತಳು. ಮನೆಯಲ್ಲಿ ಮೊದಲು ಒಪ್ಪಿದವರು ಅವಳ ದೊಡ್ಡಪ್ಪ, ಅಂದರೆ ನಮ್ಮ ಮೇಷ್ಟರು. ಆಗಷ್ಟೇ ನಿವೃತ್ತರಾಗಿದ್ದರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಯಲಿಗೆ ಬಿಟ್ಟು, ಕೊಟ್ಟಿಗೆಯ ನೆರಳಿನಲ್ಲಿ ಕೂತು, ಮೇಲೆ ನೋಡುತ್ತಿದ್ದರು. ಕಸ್ತೂರಮ್ಮನವರು ಹೇಳುತ್ತಿದ್ದರು — "ಕತ್ತು ನೋವು ಅಂತ ಎಣ್ಣೆ ಹಚ್ಚಿಸ್ಕೊಂತಾರೆ. ಮತ್ತೆ ಬೆಳಿಗ್ಗೆ ಎದ್ದು ಅಲ್ಲೇ ಹೋಗಿ ಕತ್ತೆತ್ತಿ ಕೂಡ್ತಾರೆ."

ಒಂದು ಸಂಜೆ, ಸೂರ್ಯ ಇಳಿಯುವ ಹೊತ್ತು. ಗದ್ದೆಗಳ ಮೇಲೆ ಮಂಜಿನಂಥ ಹೊಗೆ. ರಶ್ಮಿತಾ ಇಳಿಯಲು ಬರುತ್ತಿದ್ದಾಳೆ. ಅದೇ ಹೊತ್ತಿಗೆ ಕ್ಲಬ್ಬಿನ ಇನ್ನೊಂದು ವಿಮಾನವೂ ಬರುತ್ತಿದೆ. ಇವಳು ಅವರನ್ನು ಕಂಡಳು. ಅವರು ಇವಳನ್ನು ಕಾಣಲಿಲ್ಲ. ಕೊನೆಗೆ ಇವಳೇ ಪಕ್ಕಕ್ಕೆ ತಿರುಗಿದಳು. ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿದು ದೊಡ್ಡಪ್ಪನ ಮುಂದೆ ನಿಂತು ಒಂದೇ ಮಾತು ಹೇಳಿದಳಂತೆ — "ನಾನು ಅವ್ರಿಗೆ ಕಾಣ್ಲೇ ಇಲ್ಲ, ದೊಡ್ಡಪ್ಪ."

ಆ ಮಾತು ಮನೆ ತಲುಪುವುದು ತಡವಾಗಲಿಲ್ಲ. ಬಕ್ಕೇಶ್ ಅವರು ಹೇಳಿದರು: ಕಾಣದ ವಿಮಾನದಲ್ಲಿ ನನ್ನ ಮಗಳು ಕೂರುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಯಾವ ತಂದೆಯಾದರೂ ಹೀಗೇ ಹೇಳುತ್ತಿದ್ದ.

ದೊಡ್ಡ ವಿಮಾನಗಳ ಮೇಲೆ ಕೆಂಪು ದೀಪವೊಂದು ಮಿನುಗುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಪೈಲಟ್ಟಿಗೆ ದಾರಿ ತೋರಿಸುವ ದೀಪವಲ್ಲ. ಇನ್ನೊಬ್ಬ ಪೈಲಟ್ಟಿಗೆ 'ನಾನಿಲ್ಲಿದ್ದೇನೆ, ಡಿಕ್ಕಿ ಹೊಡೆಯಬೇಡ' ಎಂದು ಹೇಳುವ ದೀಪ. ಆದರೆ ಆ ದೀಪಕ್ಕೆ ತೂಕ ಹೆಚ್ಚು, ವಿದ್ಯುತ್ತಿನ ಹಸಿವೂ ಹೆಚ್ಚು. ಈ ಪುಟ್ಟ ವಿಮಾನದ ಎಂಜಿನ್ನು ಅಷ್ಟನ್ನು ಉಣಿಸಲಾರದು. ಅದಕ್ಕೇ ಅದರ ಮೇಲೆ ದೀಪವೇ ಇರಲಿಲ್ಲ.

ಮೇಷ್ಟರು ಮರುದಿನವೇ ಹರಿಹರದ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿದರು. ನಿಮ್ಮ ಮನೆಯ ಟೇಪ್ ರೆಕಾರ್ಡರಿನ ಮೂಲೆಯಲ್ಲಿ ಕೆಂಪಗೆ ಒಂದು ಚುಕ್ಕೆ ಉರಿಯುತ್ತದೆ, ಅಲ್ಲವೇ? ಅದರ ಹೆಸರು ಎಲ್‌ಇಡಿ. ಈಚಿನ ವರ್ಷಗಳಲ್ಲಿ ಅದೇ ಜಾತಿಯಲ್ಲಿ ಬಹಳ ಪ್ರಕಾಶದವು ಬಂದಿವೆ. ಕುಡಿಯುವುದು ಸ್ವಲ್ಪ, ಕೊಡುವ ಬೆಳಕು ಹೆಚ್ಚು. ಬೆಂಗಳೂರಿನಿಂದ ಅಂಚೆಯಲ್ಲಿ ತರಿಸಿದರು. ಬೆಸುಗೆ ಹಾಕಲು ಕಾಳವ್ವನನ್ನು ಕರೆಸಿದರು. ಮೋಟಾರಿಗೆ ತಂತಿ ಸುತ್ತುವ ಶೆಡ್ಡಿನಲ್ಲಿ ಕೆಲಸ ಮಾಡಿದ ಕೈ ಅದು. ಕಾಳವ್ವ ಆ ಎಲ್‌ಇಡಿಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, "ದಾಳಿಂಬೆ ಕಾಳು ಇದ್ದಂಗದಾವು" ಎಂದಳು. ಅಂದಿನಿಂದ ಆ ಕೋಣೆಯಲ್ಲಿ ಅವು ಕಾಳುಗಳೇ. ಸಂತೆಯಲ್ಲಿ ಕೇಳಿದ ಹಾಗೆ ಮೇಷ್ಟರು ಕೇಳುತ್ತಿದ್ದರು, "ಕಾಳವ್ವ, ಇನ್ನೆಷ್ಟು ಕಾಳು ಉಳಿದಾವು?"

ಕಾಳಿನ ಬೆಳಕು ನೆಟ್ಟಗೆ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೆ ಬೀಳುವುದಿಲ್ಲ. ಆದ್ದರಿಂದ ಚೆಂಡುಹೂವಿನ ಎಸಳಿನಂತೆ ಎಲ್ಲ ದಿಕ್ಕಿಗೂ ಮುಖಮಾಡಿ ಅವುಗಳನ್ನು ಜೋಡಿಸಿದರು. ಕಾವು ಹೀರಿಕೊಳ್ಳಲು ಕೆಳಗೆ ಅಲ್ಯೂಮಿನಿಯಂ ಬೇಕು. ಅಂಗಡಿಗೆ ಹೋಗುವಷ್ಟು ತಾಳ್ಮೆ ಯಾರಿಗಿದೆ? ಕಸ್ತೂರಮ್ಮನವರು ಒಂದು ಬೆಳಿಗ್ಗೆ ಅನ್ನದ ಪಾತ್ರೆಗೆ ಮುಚ್ಚಳ ಹುಡುಕಿ ಹುಡುಕಿ ಸೋತು, ನನಗೆ ಹೇಳಿದರು — "ಎಲ್ಲರ ಮನೇಲಿ ಮುಚ್ಚಳ ಕಾಣೆ ಆದ್ರೆ ಅಟ್ಟದ ಮೇಲೆ ಹುಡುಕ್ತಾರೆ ಕಣ್ರೀ. ನಮ್ಮನೇಲಿ ಆಕಾಶದಾಗೆ ಹುಡುಕ್ಬೇಕು."

ನಗಬಹುದು. ಕಸ್ತೂರಮ್ಮನವರೇ ನಗುತ್ತಿದ್ದಾರೆ.

ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಹೆಸರಿನ ಸಲುವಾಗಿ. ದೀಪದ ಮೇಲೆ ಕನ್ನಡದಲ್ಲೇ ಹೆಸರು ಕೆತ್ತಿಸಬೇಕೆಂದು ಮೇಷ್ಟರಿಗೆ ಹಟ. ನಾನು 'ಸಂಘರ್ಷ ನಿರೋಧಕ ದೀಪ' ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಯಶೋದಮ್ಮೋರೆ, ಇದು ದಾವಣಗೆರೆ ಸೀಮೆ. ಸಂಘರ್ಷ ಅಂದ್ರೆ ಮಿಲ್ಲಿನ ಯೂನಿಯನ್ನೋರ ಗಲಾಟೆ ಅನ್ಕೊಂತಾರ್ರೀ."

"ಹಾಗಾದರೆ 'ಡಿಕ್ಕಿ ನಿವಾರಕ ದೀಪ'."

"ತಲೆನೋವಿನ ಮಾತ್ರೆ ಹೆಸರು ಇದ್ದಂಗೈತೆ."

"ನಿಮಗೇನು ಬೇಕು, ನೀವೇ ಹೇಳಿ."

"ನಂಗೊತ್ತಿದ್ರೆ ನಿಮ್ಮನ್ಯಾಕ್ರೀ ಕರೀತಿದ್ದೆ?"

ಕೊನೆಗೆ 'ಎಚ್ಚರದೀಪ' ಎಂದು ಇತ್ಯರ್ಥವಾಯಿತು. ಒಂದೇ ಪದ, ಬಿಡಿಸಿ ಬರೆಯಬಾರದು. ಬಿಡಿಸಿಯೇ ಕೆತ್ತಿಸಿದರು. ಹೋಗಲಿ.

ದೊಡ್ಡ ವಿಮಾನಗಳ ದೀಪಕ್ಕೆ ಸರ್ಕಾರದ ಒಪ್ಪಿಗೆ, ಪರೀಕ್ಷೆ, ಮುದ್ರೆ ಎಲ್ಲ ಬೇಕಂತೆ. ಮೇಷ್ಟರ ಆಸೆ ಅಷ್ಟು ದೊಡ್ಡದಲ್ಲ. ಆ ಪುಟ್ಟ ವಿಮಾನಕ್ಕೆ ಒಂದು ದೀಪ, ಅಷ್ಟೇ. ಅದಕ್ಕೆ ಕ್ಲಬ್ಬಿನ ಎಂಜಿನಿಯರ್ ಅಬ್ದುಲ್ ರಹೀಮ್ ಅವರು ಹೂಂ ಎಂದರೆ ಸಾಕಾಗಿತ್ತು. ರಹೀಮ್ ಸಾಹೇಬರೂ ಇಲ್ಲಿದ್ದಾರೆ, ಅಗೋ, ಕಂಬದ ಪಕ್ಕದಲ್ಲಿ. ಅವರದು ಒಂದೇ ಷರತ್ತು: "ಕತ್ತಲಾಗೆ ಬೀಡಿನೂ ಕಾಣ್ತದೆ ಮೇಷ್ಟ್ರೆ. ನಂಗೆ ಹಗಲಾಗೆ ಕಾಣ್ಬೇಕು. ಬಯಲಿನ ಈ ತುದೀಲಿ ವಿಮಾನ ನಿಲ್ಸ್ರಿ, ಆ ತುದೀಲಿ ನಾನು ನಿಲ್ತೀನಿ. ಕಂಡ್ರೆ ಹಾಕ್ರಿ. ಕಾಣ್ಲಿಲ್ಲ ಅಂದ್ರೆ ಬ್ಯಾಡ."

ಬಕ್ಕೇಶ್ ಅವರು ಅದಕ್ಕೆ ತಮ್ಮದನ್ನು ಸೇರಿಸಿದರು: "ರಹೀಮ್ ಸಾಹೇಬ್ರು ಬ್ಯಾಡ ಅಂದ್ರೆ, ಅವತ್ತಿಗೆ ಹಾರೋದು ಮುಗೀತು. ಆಮೇಲೆ ಯಾರೂ ನನ್ನ ಕೇಳಬಾರ್ದು." ರಶ್ಮಿತಾ ಆಗಲಿ ಎಂದಳು.

ಇಲ್ಲಿ ನಾನು ಒಂದು ಪದದ ವಿಷಯ ಹೇಳಬೇಕು. ನಾನು ಕನ್ನಡದ ಮೇಡಂ. ಪದದ ವಿಷಯ ಹೇಳದೆ ಭಾಷಣ ಮುಗಿಸಿದರೆ ಕಸ್ತೂರಮ್ಮನವರೇ ನನಗೆ ಮೈ ಹುಷಾರಿಲ್ಲವೆಂದುಕೊಂಡಾರು.

ನಮ್ಮಲ್ಲಿ ದೀಪವನ್ನು ಯಾರೂ 'ಆರಿಸು' ಎನ್ನುವುದಿಲ್ಲ. ಅದು ಅಶುಭದ ಮಾತು. ದೇವರ ಮುಂದಿನ ದೀಪವಾಗಲಿ, ಅಡುಗೆಮನೆಯ ಬುಡ್ಡಿಯಾಗಲಿ, ಆರಿಸಬೇಕಾದಾಗ ಏನು ಹೇಳುತ್ತೇವೆ? — ಹೇಳಿ. ನೀವೇ ಹೇಳಿ. — ಹೌದು. 'ದೀಪ ದೊಡ್ಡದು ಮಾಡು.' ಇಲ್ಲವಾಗಿಸುವುದಕ್ಕೆ ದೊಡ್ಡದು ಮಾಡುವುದು ಎಂದು ಹೆಸರಿಟ್ಟ ಜನ ನಾವು.

ಕೆಂಚವೀರಪ್ಪನವರು ಇದನ್ನು ಮಾತಿನಲ್ಲಷ್ಟೇ ಅಲ್ಲ, ಕೈಯಲ್ಲೂ ಪಾಲಿಸುತ್ತಿದ್ದರು. ಪ್ರಯೋಗಶಾಲೆಯ ಸ್ಪಿರಿಟ್ ದೀಪವನ್ನು ಊದಿದ ಹುಡುಗನಿಗೆ ಕಿವಿ ಕೆಂಪಾಗುತ್ತಿತ್ತು. ತಾವೇ ಮೆಲ್ಲಗೆ ಮುಚ್ಚಳ ಹಾಕಿ "ದೊಡ್ಡದಾಗಪ್ಪ" ಎನ್ನುತ್ತಿದ್ದರು. ಆ ಕೊನೆಯ ಸಾಲಿನವರು ತಲೆಯಾಡಿಸುತ್ತಿದ್ದೀರಿ. ನಿಮ್ಮ ಕಿವಿಗೆ ನೆನಪಿದೆ.

ಮೇಷ್ಟರು ತಮ್ಮ ಎಚ್ಚರದೀಪವನ್ನೂ ಇದೇ ಶ್ರದ್ಧೆಯಿಂದ ಮಾಡಿದ್ದರು. ಮಿನುಗುವ ದೀಪ ಒಮ್ಮೆ ಹೊತ್ತಬೇಕು, ಒಮ್ಮೆ ಆರಬೇಕು. ಅವರ ದೀಪ ಹೊತ್ತುತ್ತಿತ್ತು. ಆದರೆ ಪೂರ್ತಿ ಆರುತ್ತಿರಲಿಲ್ಲ. ಒಂದು ಮಿಂಚಿಗೂ ಮುಂದಿನ ಮಿಂಚಿಗೂ ನಡುವೆ ಮಂದವಾಗಿ ಉರಿಯುತ್ತಲೇ ಇರುತ್ತಿತ್ತು, ನಂದಾದೀಪದಂತೆ. ನಾನು ಏಕೆಂದು ಕೇಳಿದೆ. "ನಡುವೆ ಕತ್ತಲಾದ್ರೆ ನೋಡೋರ ಕಣ್ಣು ತಪ್ತೈತ್ರೀ" ಎಂದರು. ವಿಜ್ಞಾನದ ಮೇಷ್ಟರು ಹೇಳಿದರೆಂದು ನಾನು ನಂಬಿದೆ. ಕಸ್ತೂರಮ್ಮನವರು ನಂಬಲಿಲ್ಲ. "ಅದೆಲ್ಲ ಸುಳ್ಳು. ಮನೆ ಮಗಳು ಹೋಗೋ ವಿಮಾನದ ದೀಪ ಆರಬಾರ್ದು ಅಂತ ಅಷ್ಟೇ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆ ಮಂದ ಬೆಳಕು ದೀಪದ ಕಾವನ್ನು ಏರಿಸುತ್ತಿತ್ತು. ಕಾವು ಏರಿದರೆ ಕಾಳು ಕೆಡುತ್ತವೆ. ಆದ್ದರಿಂದ ಮಿಂಚಿನ ಬಲವನ್ನು ತಗ್ಗಿಸಬೇಕಾಗಿತ್ತು. ಮಂದ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಗುಗುಂಡಿ ಇಟ್ಟಿದ್ದರು.

ಪರೀಕ್ಷೆಯ ದಿನ ಬಂತು. ವಿಮಾನ ಈ ತುದಿಯಲ್ಲಿ. ಒಳಗೆ ರಶ್ಮಿತಾ. ಪಕ್ಕದಲ್ಲಿ ಗುಂಡಿ ಹಿಡಿದು ಕಾಳವ್ವ. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಕಸ್ತೂರಮ್ಮನವರೂ ನಾನೂ. ಆ ತುದಿಯಲ್ಲಿ, ಜೀಪಿನ ಮೇಲೆ ಹತ್ತಿ ನಿಂತ ರಹೀಮ್ ಸಾಹೇಬರು, ಕೈ ಕಟ್ಟಿ ನಿಂತ ಬಕ್ಕೇಶ್ ಅವರು, ಮಾತಾಡುವ ಯಂತ್ರ ಹಿಡಿದ ಮೇಷ್ಟರು. ಅಂಥದೇ ಇನ್ನೊಂದು ಯಂತ್ರ ಕಾಳವ್ವನ ಸೊಂಟದಲ್ಲಿ. ಬಿಸಿಲು ಇನ್ನೂ ಇತ್ತು.

ದೀಪ ಹಚ್ಚಿದೆವು. ಯಂತ್ರದಲ್ಲಿ ರಹೀಮ್ ಸಾಹೇಬರ ದನಿ: "ಏನೋ ಕೆಂಪಗೆ ಐತೆ ಮೇಷ್ಟ್ರೆ. ದೀಪಾನೋ, ಬಟ್ಟೆ ಚೂರೋ, ಹೇಳೋಕಾಗಲ್ಲ."

ಅನಂತರ ಅದರಲ್ಲೇ, ದೂರದಿಂದ, ಬಕ್ಕೇಶ್ ಅವರ ದನಿ. "ನಡಿ ಅಣ್ಣ. ಸಾಕು."

ಒಳಗೆ ಕುಳಿತಿದ್ದ ರಶ್ಮಿತಾಳಿಗೆ ಅದು ಕೇಳಿಸಿತು. ನೆನಪಿದೆಯಲ್ಲವೇ, ಮಗು? ನೀನು ಪಟ್ಟಿ ಬಿಚ್ಚತೊಡಗಿದೆ. ಇಳಿಯಲು ಒಂದು ಕಾಲನ್ನೂ ಹೊರಗಿಟ್ಟೆ.

ಆಗ ಮೇಷ್ಟರ ದನಿ ಬಂತು. ಅವಸರದ ದನಿ. "ತಡಿ ಬಕ್ಕೇಶ, ತಡಿ. ಕಾಳವ್ವ! ಕಾಳವ್ವ, ಕೇಳಸ್ತೈತಾ? ದೀಪ ದೊಡ್ಡದು ಮಾಡವ್ವ!"

ಅವರು ಕೇಳಿದ್ದು ಮಂದ ಬೆಳಕನ್ನು ಹೆಚ್ಚಿಸು ಎಂದು.

ಕಾಳವ್ವ ನಮ್ಮ ಮುಖ ನೋಡಿದಳು. ಕಸ್ತೂರಮ್ಮನವರು ನಿಟ್ಟುಸಿರು ಬಿಟ್ಟು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಮೂವರು ಹೆಂಗಸರಿದ್ದೆವು, ಒಬ್ಬರಿಗೂ ಅನುಮಾನ ಬರಲಿಲ್ಲ. ಮೇಷ್ಟರು ಸೋಲೊಪ್ಪಿಕೊಂಡರು, ದೀಪ ಆರಿಸಲು ಹೇಳುತ್ತಿದ್ದಾರೆ — ಮೂವರಿಗೂ ಅನಿಸಿದ್ದು ಅದೇ. ಕಾಳವ್ವ ಆ ಗುಂಡಿಯನ್ನು ಮೆಲ್ಲಗೆ, ಭಕ್ತಿಯಿಂದ, ಕೊನೆಯವರೆಗೆ ಇಳಿಸಿದಳು. ಇಳಿಸಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ಮಿಂಚಿನ ಗುಂಡಿ ರಶ್ಮಿತಾಳ ಬಳಿ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಹಾಗಾಗಿ ಮಂದ ಬೆಳಕು ಪೂರ್ತಿ ಹೋಯಿತು. ಮಿಂಚು ಉಳಿಯಿತು. ಮಿಂಚು, ಕತ್ತಲೆ. ಮಿಂಚು, ಕತ್ತಲೆ.

ಯಂತ್ರ ಕೂಗಿತು. "ಅರೆ! ಕಾಣ್ತು! ಕಾಣ್ತು ಮೇಷ್ಟ್ರೆ! ಕಣ್ಣಿಗೆ ಹೊಡೀತೈತಲ್ರೀ! ಏನ್ ಮಾಡಿದ್ರಿ?"

ಮೇಷ್ಟರ ದನಿಯಲ್ಲಿ ಇದ್ದ ಹೆಮ್ಮೆಯನ್ನು ನೀವು ಕೇಳಬೇಕಿತ್ತು. "ದೊಡ್ಡದು ಮಾಡಿಸಿದೆ!"

ಜೀಪು ಧೂಳೆಬ್ಬಿಸಿಕೊಂಡು ಬಂತು. ಮೇಷ್ಟರು ಹಾರಿ ಇಳಿದು ಗುಂಡಿಯನ್ನು ನೋಡಿದರು. ಅದು ಸೊನ್ನೆಯಲ್ಲಿತ್ತು.

"ಕಾಳವ್ವ, ಇದೇನು? ದೊಡ್ಡದು ಮಾಡು ಅಂದಿದ್ನಲ್ಲ."

"ಮಾಡೀನಲ್ರೀ ಸರ. ಪೂರ್ತಿ ದೊಡ್ಡದಾಗೈತೆ."

"ಇದು ಪೂರ್ತಿ ಇಳಿದೈತೆ!"

"ಹೌದ್ರೀ. ದೊಡ್ಡದಾಗೈತೆ."

ರಹೀಮ್ ಸಾಹೇಬರು ನಗತೊಡಗಿದರು. ಮೇಷ್ಟರು ನನ್ನ ಕಡೆ ತಿರುಗಿದರು. "ಯಶೋದಮ್ಮೋರೆ, ನೀವೇ ತೀರ್ಪು ಹೇಳ್ರಿ. ತಪ್ಪು ಯಾರದು?"

ನಾನು ತೀರ್ಪು ಹೇಳಿದೆ. ಪದ ಸರಿಯಾಗಿದೆ. ಹೇಳಿದವರು ಇಟ್ಟುಕೊಂಡ ಅರ್ಥ ಸರಿಯಾಗಿದೆ. ಕೇಳಿದವರು ಹಿಡಿದ ಅರ್ಥವೂ ಸರಿಯಾಗಿದೆ. ಸ್ಪಿರಿಟ್ ದೀಪದ ಮುಂದೆ ಜೀವಮಾನವೆಲ್ಲ ಒಂದು ಅರ್ಥದಲ್ಲಿ ಬಳಸಿ, ಬಯಲಿನ ತುದಿಯಲ್ಲಿ ನಿಂತು ಅದರ ವಿರುದ್ಧದ ಅರ್ಥದಲ್ಲಿ ಬಳಸಿದವರು, ಕೇಳುವವರಿಂದ ಏನು ನಿರೀಕ್ಷಿಸುತ್ತಾರೆ?

ಅವರು ನಕ್ಕರು. ಆಮೇಲೆ ನಗು ನಿಂತಿತು. ದೀಪದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅದು ಮಿಂಚುವುದನ್ನೂ ಆರುವುದನ್ನೂ ಬಹಳ ಹೊತ್ತು ನೋಡಿದರು. ನಾವು ಮಂಡಕ್ಕಿ ತಿನ್ನುತ್ತಿದ್ದೆವು, ಅವರು ತಿನ್ನಲಿಲ್ಲ. ಕೊನೆಗೆ, ನನಗೆಂದಲ್ಲ, ಯಾರಿಗೆಂದೂ ಅಲ್ಲ, ಹೇಳಿದರು — "ಇದು ಆರೋದಲ್ಲ ಬಿಡ್ರಿ. ಮುಂದಿನ ಮಿಂಚಿಗೆ ಉಸಿರು ತಗೊಳ್ಳೋದು."

ಮಿಂಚು ಎದ್ದು ಕಾಣಲು ನಡುವೆ ಕತ್ತಲೆಯೇ ಬೇಕೆಂದು ತಿಳಿದು, ಮನೆಗೆ ಹೋಗಿ ಮಂದ ಬೆಳಕಿನ ತಂತಿಯನ್ನೇ ಕತ್ತರಿಸಿದರು. ಅದರಿಂದ ಉಳಿದ ವಿದ್ಯುತ್ತನ್ನೆಲ್ಲ ಮಿಂಚಿಗೆ ಕೊಟ್ಟರು. ಆರಲು ಬಿಟ್ಟದ್ದರಿಂದ ದೀಪ ನಿಜವಾಗಿಯೂ ದೊಡ್ಡದಾಯಿತು. ನಮ್ಮ ಹಿರಿಯರು ಆ ಮಾತು ಕಟ್ಟುವಾಗ ಇದನ್ನು ಯೋಚಿಸಿರಲಾರರು. ಆದರೂ ನಾನು ಅಂದಿನಿಂದ ಅದನ್ನು ಬರಿಯ ಶುಭನುಡಿ ಎಂದು ಪಾಠ ಮಾಡುವ ಧೈರ್ಯ ಮಾಡಿಲ್ಲ.

ದೀಪ ಹೊತ್ತು ರಶ್ಮಿತಾ ಮೊದಲ ಸಲ ಹಾರಿದ ದಿನ ಬಕ್ಕೇಶ್ ಅವರೂ ಬಯಲಿಗೆ ಬಂದಿದ್ದರು. ಅವಳು ಉಕ್ಕಡಗಾತ್ರಿಯ ಕಡೆ, ಹೊಳೆಯ ಮೇಲೆ ಹೋಗಿ ತಿರುಗಿ ಬರುವವರೆಗೆ ಅವರು ಕತ್ತೆತ್ತಿ ನೋಡುತ್ತಲೇ ನಿಂತಿದ್ದರು. ಅವಳು ಇಳಿದ ಮೇಲೆ ಅಣ್ಣನ ಹತ್ತಿರ ಬಂದು, "ಕಾಣ್ತಿದ್ಲು" ಎಂದರು. ಅಷ್ಟೇ. ಮೇಷ್ಟರು ಆ ಒಂದು ಮಾತನ್ನು ನಮಗೆಲ್ಲ ಎಷ್ಟು ಸಲ ಹೇಳಿದರೋ! ಬಿರುದು ಬಂದವರೂ ಅಷ್ಟು ಸಲ ಹೇಳಿಕೊಳ್ಳಲಾರರು.

ಇದಿಷ್ಟು ಬಕ್ಕೇಶ್ ಅವರಿಗೆ ಗೊತ್ತಿರುವ ಕಥೆ. ಇನ್ನು ಹೇಳುವುದು ಗೊತ್ತಿಲ್ಲದ ಕಥೆ.

ಬಕ್ಕೇಶ್ ಅವರೇ — ಅಣ್ಣ ಹೋದ, ದೀಪ ಕೆಟ್ಟರೆ ನೋಡುವವರು ಯಾರು ಎಂದು ನೀವು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ನಿಮ್ಮ ಅಣ್ಣನೂ ಅದನ್ನು ಕೇಳಿಕೊಂಡಿದ್ದರು, ನಿಮಗಿಂತ ಮೊದಲೇ. ಕಳೆದ ಯುಗಾದಿಯ ನಂತರ ಒಂದು ದಿನ ಕಾಳವ್ವನನ್ನು ಕರೆದು, "ಈ ಸಲ ದೀಪ ನೀನೇ ಮಾಡು. ಮೊದಲಿಂದ ಕಡೇತನಕ. ನಾನು ಮುಟ್ಟಲ್ಲ" ಎಂದರು. ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತರು. ಕಾಳವ್ವ ಬೆಸುಗೆ ಹಾಕುವಾಗಲೆಲ್ಲ ಇವರ ಉಸಿರು ನಿಲ್ಲುತ್ತಿತ್ತು. ಕಸ್ತೂರಮ್ಮನವರು ಕಾಫಿ ತಂದು ಕೊಟ್ಟು, "ಧಾರೆ ಹೊತ್ತಿಗೆ ಹೆಣ್ಣಿನಪ್ಪ ಕೂತಂಗೆ ಕೂತಿದ್ದೀರಲ್ರೀ" ಎಂದರಂತೆ.

ಆ ದೀಪವನ್ನೂ ತಮ್ಮ ದೀಪವನ್ನೂ ಒಟ್ಟಿಗೆ ಬಯಲಿಗೆ ಒಯ್ದರು. ಯಾವುದು ಯಾರದೆಂದು ರಹೀಮ್ ಸಾಹೇಬರಿಗೆ ಹೇಳಲಿಲ್ಲ. ಅವರು ಆ ತುದಿಯಲ್ಲಿ ನಿಂತು ಎರಡನ್ನೂ ನೋಡಿದರು. "ಎರಡೂ ಒಂದೇ ಮೇಷ್ಟ್ರೆ. ಯಾವ್ದಾದ್ರೂ ಹಾಕ್ರಿ" ಎಂದರು. ಸಾಹೇಬರೇ, ಸರಿಯೇ? — ಸರಿ ಎನ್ನುತ್ತಿದ್ದಾರೆ.

ಹಾಕಿದ್ದು ಕಾಳವ್ವನ ದೀಪವನ್ನು.

ಬಕ್ಕೇಶ್ ಅವರೇ, ಯುಗಾದಿಯಿಂದ ಈಚೆಗೆ ನಿಮ್ಮ ಮಗಳು ಹಾರಿದ್ದೆಲ್ಲ ಕಾಳವ್ವನ ದೀಪದ ಕೆಳಗೆ. ನೀವು ಶ್ರಾವಣದಲ್ಲಿ ಬಯಲಿಗೆ ಬಂದು, ತೃಪ್ತಿಯಿಂದ ನೋಡಿ ಹೋದದ್ದೂ ಅದನ್ನೇ. ಇದನ್ನು ನಿಮಗೆ ತಿಳಿಸಬೇಕಲ್ಲವೇ ಎಂದು ನಾನು ಮೇಷ್ಟರನ್ನು ಕೇಳಿದ್ದೆ. "ಈಗ ಬ್ಯಾಡ್ರಿ. ಅವನಿಗೆ ದೀಪದ ಮೇಲೆ ನಂಬಿಕಿಲ್ಲ, ನನ್ನ ಮೇಲೆ ಐತೆ. ಹೊತ್ತು ಬಂದಾಗ ಹೇಳೋಣು" ಎಂದರು.

ಹೊತ್ತು ಬಂದಿದೆ. ಹೇಳಿದ್ದೇನೆ.

ಮೇಷ್ಟರು ಊಟ ಮುಗಿಸಿ, ಕುರ್ಚಿಯಲ್ಲಿ ಒರಗಿ, ಹಾಗೇ ಹೊರಟುಹೋದರು. ಯಾರಿಂದಲೂ ಏನೂ ಮಾಡಿಸಿಕೊಳ್ಳಲಿಲ್ಲ. ಆ ದಿನ ಹಿಂದಿನ ಕೋಣೆಯಲ್ಲಿ ಕಾಳವ್ವ ಇನ್ನೊಂದು ವಿಮಾನದ ದೀಪಕ್ಕೆ ಕಾಳು ಜೋಡಿಸುತ್ತಿದ್ದಳು. ಅದು ಈಗ ಮುಗಿದಿದೆ. ಕೋಣೆಯ ಬಾಗಿಲು ಹಾಕುವುದಿಲ್ಲ ಎಂದು ಕಸ್ತೂರಮ್ಮನವರು ನನಗೆ ಹೇಳಿದ್ದಾರೆ. ಸಭೆಯಲ್ಲಿ ಹೇಳಲು ಅಪ್ಪಣೆಯನ್ನೂ ಕೊಟ್ಟಿದ್ದಾರೆ. ದುಃಖವಿದೆ. ಇಲ್ಲವೆನ್ನುವುದಿಲ್ಲ. ಆದರೆ ಮೇಷ್ಟರು ಅರ್ಧಕ್ಕೆ ಬಿಟ್ಟು ಹೋದ ಕೆಲಸ ಯಾವುದೆಂದು ನಾನು ಹುಡುಕಿದೆ, ಸಿಗಲಿಲ್ಲ. ಅಷ್ಟು ಸಮಾಧಾನ ಎಲ್ಲರಿಗೂ ದೊರೆಯುವುದಿಲ್ಲ.

ಕಾಳವ್ವ, ನೀನು ಎದ್ದು ಹೊರಗೆ ಹೋಗುವುದೇನೂ ಬೇಡ. ಕೂಡು. ನಿನ್ನನ್ನು ನಾನು ಹೊಗಳುತ್ತಿಲ್ಲ. ಒಂದೇ ಪ್ರಶ್ನೆ. ದೀಪ ಕೆಟ್ಟರೆ ನೋಡುವವರು ಯಾರು? — ಗಟ್ಟಿಯಾಗಿ. — "ನಾನದೀನಲ್ರೀ" ಎಂದಳು. ನೀವೆಲ್ಲ ಕೇಳಿದಿರಿ.

ಬಕ್ಕೇಶ್ ಅವರೇ, ನಾಲ್ಕು ಬುದ್ಧಿಮಾತು ಹೇಳಲು ಕೇಳಿದ್ದಿರಿ. ಹೇಳಿದೆ. ಯಾರಿಗೆ ಹೇಳಬೇಕೆಂಬುದನ್ನು ಮಾತ್ರ ನಾನೇ ನಿರ್ಧರಿಸಿದೆ. ನೀವು ಅಂಜುವುದು ತಪ್ಪಲ್ಲ. ಅವಳ ದೊಡ್ಡಪ್ಪನೂ ಅಂಜುತ್ತಿದ್ದರು. ಅಂಜಿದ್ದರಿಂದಲೇ ದೀಪ ಮಾಡಿದರು; ಅವಳನ್ನು ಕೆಳಗಿಳಿಸಲಿಲ್ಲ.

ಈಗ ನೀವು ಹೇಳಬೇಕು. — ತಲೆಯಾಡಿಸಿದರೆ ಆಗದು. ನಮ್ಮ ಕಡೆ ತಲೆಯಾಡಿಸಿದರೆ ಹೌದೂ ಆಗುತ್ತದೆ, ಇಲ್ಲವೂ ಆಗುತ್ತದೆ. ಬಾಯಿಬಿಟ್ಟು ಹೇಳಿ. ಮೈಕು ಬೇಡವೇ? ಸರಿ. ಎದ್ದು ನಿಂತಿದ್ದಾರೆ. ಸ್ವಲ್ಪ ಸುಮ್ಮನಿ​ರಿ, ಎಲ್ಲರೂ.

— ಹಾಂ.

ಹಿಂದಿನವರಿಗೆ ಕೇಳಿಸಿತೇ? ಕೇಳಿಸದಿದ್ದರೆ ನಾನು ಹೇಳುತ್ತೇನೆ. "ಹಾರ್ಲಿ ಬಿಡ್ರಿ" ಎಂದರು. ಬರೆಯುವಾಗ 'ಹಾರಲಿ ಬಿಡಿ' ಎಂದು ಬರೆಯಬೇಕು. ಆದರೆ ಅವರು ಹೇಳಿದ್ದೇ ಚೆನ್ನಾಗಿದೆ. ಹಾಗೇ ಇರಲಿ.

ರಶ್ಮಿತಾ, ಅಳುವುದನ್ನು ಆಮೇಲೆ ಇಟ್ಟುಕೋ. ದೊಡ್ಡಮ್ಮನ ಕೈ ಹಿಡಿದುಕೋ, ಅವರು ಏಳಬೇಕು.

ಬಕ್ಕೇಶ್ ಅವರೇ, ನೀವು ಕೂರಬೇಡಿ. ಹಾಗೇ ನಿಂತಿರಿ. ನಾವೆಲ್ಲ ನಿಮ್ಮ ಜೊತೆಗೆ ಏಳುತ್ತೇವೆ. ಮಹನೀಯರೆ, ಮಹಿಳೆಯರೆ, ಮೇಷ್ಟರ ಮಕ್ಕಳೆ — ದಯಮಾಡಿ ಎಲ್ಲರೂ ಎದ್ದು ನಿಲ್ಲಿ. ವಯಸ್ಸಾದವರು ಕುರ್ಚಿ ಹಿಡಿದುಕೊಂಡರೆ ತಪ್ಪಿಲ್ಲ. ಎರಡು ನಿಮಿಷ ಮಾತು ಬೇಡ. ಕೆಂಚವೀರಪ್ಪನವರು ನಿಮಗೆ ಹೇಗೆ ಕಂಡಿದ್ದರೋ ಹಾಗೇ ಅವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಡಿಯಾರ ನೋಡುವ ಕೆಲಸ ನನ್ನದು. ನೀವು ಅವರನ್ನು ನೋಡಿ.